ಕಂಡೆ, ಬಂದೆ

ಸ್ಟಿಲ್‌ವೇನ್ ಇಳಿಯುವ ಊರು. ಇದೇನೂ ಗುಟ್ಟಿನ ಮಾತಲ್ಲ. ಜೌಗುಮಣ್ಣಿನ ಮೇಲೆ ಊರು ಕಟ್ಟಿಕೊಂಡು ಕೂತವರು ಇಳಿಯದೆ ಇನ್ನೇನು ಮಾಡಿಯಾರು? ಬೀದಿ ಇಳಿಯುತ್ತದೆ, ಕೈತೋಟ ಇಳಿಯುತ್ತದೆ, ದೀಪದ ಕಂಬ ಕುಡಿದವನ ಹಾಗೆ ಒಂದು ಕಡೆ ವಾಲಿಕೊಂಡು ಇಳಿಯುತ್ತದೆ. ಕೆಲವು ವರ್ಷಕ್ಕೊಮ್ಮೆ ಪುರಸಭೆಯವರು ಬಂದು ಬೀದಿಯ ಇಟ್ಟಿಗೆಯನ್ನೆಲ್ಲ ಕಿತ್ತು, ಮರಳು ಸುರಿದು, ಅದೇ ಇಟ್ಟಿಗೆಯನ್ನು ಮತ್ತೆ ಮೇಲೆ ಹಾಸಿ ಹೋಗುತ್ತಾರೆ. ಆ ಮರಳಿನ ಭಾರಕ್ಕೆ ಬೀದಿ ಇನ್ನಷ್ಟು ಬೇಗ ಇಳಿಯುತ್ತದೆ. ಊರಿನವರು ಇದನ್ನು ಹೇಳಿಕೊಂಡು ನಗುತ್ತಾರೆ. ತೆರಿಗೆ ಕಟ್ಟುವಾಗ ಮಾತ್ರ ನಗುವುದಿಲ್ಲ.

ಯೋರೀನ್ ಇದೇ ಬೀದಿಯಲ್ಲಿ ಹುಟ್ಟಿದವಳು. ಈಗ ಅಗೆಯುವ ಯಂತ್ರದ ಗಾಜಿನ ಗೂಡಿನಲ್ಲಿ ಕೂತು ಅದೇ ಬೀದಿಯನ್ನು ಅಗೆಯುತ್ತಿದ್ದಳು. ಬೀದಿಯನ್ನು ಮತ್ತೆ ಎತ್ತುವ ಮೊದಲು ಕೊಳೆನೀರಿನ ಹೊಸ ಕೊಳವೆ ಹಾಕಬೇಕಿತ್ತು. ನವೆಂಬರಿನ ಬೆಳಗು, ಕಾಲುವೆಯಿಂದ ಎದ್ದ ಮಂಜು ಬೀದಿಯ ತುಂಬ ನಿಂತಿತ್ತು. ಬೇಕರಿಯ ಕಿಟಕಿಯ ಹಳದಿ ದೀಪ ನೀರಿನ ಅಡಿಯಲ್ಲಿ ಉರಿಯುತ್ತಿರುವಂತೆ ಕಾಣುತ್ತಿತ್ತು. ಕಾಲುವೆಯ ದಂಡೆಯ ಮೇಲೆ ಒಂದು ಬೂದುಬಕ ಯಾರನ್ನೋ ಕಾಯುತ್ತ ನಿಂತಿತ್ತು, ಅದು ಅಲ್ಲಿ ನಿಲ್ಲದ ದಿನವೇ ಇಲ್ಲ.

ಯಂತ್ರದ ಬಕೆಟ್ಟು ಮಣ್ಣನ್ನು ಪದರ ಪದರವಾಗಿ ಬಿಡಿಸುತ್ತಿತ್ತು. ಮೇಲಿನದು ಬಿಳಿ ಮರಳು, ಮೊನ್ನೆಮೊನ್ನೆಯದು. ಅದರ ಕೆಳಗೆ ಹಳದಿ ಮರಳು, ಅವಳು ಶಾಲೆಗೆ ಹೋಗುತ್ತಿದ್ದ ಕಾಲದ್ದು. ಆಗ ಬೀದಿಯ ತುದಿಯಲ್ಲಿ ಮನೆಯೆತ್ತರದ ಮರಳುಗುಡ್ಡೆ ಬಿದ್ದಿತ್ತು. ಮಕ್ಕಳೆಲ್ಲ ಸಂಜೆ ಅದರ ಮೇಲೆ ಹತ್ತಿ ಕೂತು, ತಾವು ಬೆಟ್ಟದ ಊರಿನವರೆಂದು ಸುಳ್ಳೇ ಬೀಗುತ್ತಿದ್ದರು. ಅದಕ್ಕೂ ಕೆಳಗೆ ಕಲ್ಲಿದ್ದಲ ಬೂದಿ, ಸಿಂಪಿಯ ಚೂರು, ಅಜ್ಜನ ಕಾಲದ್ದು. ಚಿಕ್ಕಂದಿನಲ್ಲಿ ಯೋರೀನಳಿಗೆ ಒಂದು ನಂಬಿಕೆ ಇತ್ತು. ಸಾಕಷ್ಟು ಆಳಕ್ಕೆ ಅಗೆದರೆ ಹಿಂದಿನ ಬೀದಿ ಹಾಗೆಯೇ ಸಿಗುತ್ತದೆ, ಅಲ್ಲಿ ದೀಪ ಉರಿಯುತ್ತಿರುತ್ತದೆ, ಸತ್ತವರೆಲ್ಲ ಕಿಟಕಿಯ ಬಳಿ ಕೂತು ಕಾಫಿ ಕುಡಿಯುತ್ತಿರುತ್ತಾರೆ. ಆ ನಂಬಿಕೆ ಪೂರ್ತಿ ಹೋಗಿದೆ ಎಂದು ಅವಳು ಈಗಲೂ ಆಣೆ ಮಾಡಿ ಹೇಳಲಾರಳು. ಈ ಇಳಿಯುವ ಊರೆಂದರೆ ಅವಳಿಗೆ ಜೀವ.

ಅವಳ ಗಂಡ ಬಾಸ್ತಿಯಾನನಿಗೆ ಅದೇ ಊರು ಗಂಟಲಲ್ಲಿ ಸಿಕ್ಕ ಮುಳ್ಳು. ಅವನು ಪೂರ್ವದ ಕಡೆಯವನು, ಗಟ್ಟಿ ಮರಳುನೆಲದವನು. ಅಲ್ಲಿ ಗೋಡೆ ಕಟ್ಟಿದರೆ ಗೋಡೆ ಕಟ್ಟಿದಲ್ಲೇ ನಿಲ್ಲುತ್ತದಂತೆ. ಇಲ್ಲಿ ಈಚಿನ ಮನೆಗಳನ್ನು ಆಳದ ಮರಳಿನ ತನಕ ಕಂಬ ಹೊಡೆದು ಅದರ ಮೇಲೆ ಕೂರಿಸಿದ್ದಾರೆ, ಅವು ಇಳಿಯುವುದಿಲ್ಲ. ಇವರ ಮನೆ ಹಳೆಯದು, ಕಂಬ ಇಲ್ಲದ್ದು. ಅಡುಗೆಮನೆಯಲ್ಲಿ ಕಿತ್ತಳೆಹಣ್ಣು ಕೈಜಾರಿದರೆ ಹುಡುಕಬೇಕಾಗಿಲ್ಲ, ಉರುಳಿಕೊಂಡು ಹೋಗಿ ಮೂಲೆಯಲ್ಲಿ ಕೂತಿರುತ್ತದೆ. ಮಲಗುವ ಕೋಣೆಯ ಬಾಗಿಲು ಹಾಕಿದರೆ ತೆಗೆಯಲು ಬರುವುದಿಲ್ಲ, ತೆಗೆದರೆ ಹಾಕಲು ಬರುವುದಿಲ್ಲ.

ಪೂರ್ವದಲ್ಲಿ ಬಾಸ್ತಿಯಾನನ ಅಕ್ಕ ಮೀನೆಕೆಯ ಪಕ್ಕದ ಮನೆ ಖಾಲಿಯಾಗಿತ್ತು. ಯಜಮಾನ ಇವರಿಗೆಂದೇ ಇಟ್ಟುಕೊಂಡು ಕಾಯುತ್ತಿದ್ದ, ಆದರೆ ಗುರುವಾರದೊಳಗೆ ಒಂದು ಮಾತು ಹೇಳಬೇಕಿತ್ತು. ಭಾನುವಾರ ಊಟಕ್ಕೆ ಕೂತಾಗ ಬಾಸ್ತಿಯಾನ್ ಅಲ್ಲಿಗೆ ಹೋಗೋಣವೇ ಎಂದು ಕೇಳಿದ, ಯೋರೀನ್ ಆಗದೆಂದಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವನು, ನೀನು ಬರದಿದ್ದರೆ ನಾನೊಬ್ಬನೇ ಹೋಗುತ್ತೇನೆ ಎಂದುಬಿಟ್ಟ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಜಗಳ ಅವರ ಜೊತೆಯಲ್ಲೇ ಉಂಡಿತು, ನಡುವೆ ಮಲಗಿತು, ಸೋಮವಾರ ಎದ್ದು ಕೆಲಸಕ್ಕೂ ಬಂತು. ಇವತ್ತು ಗುರುವಾರ.

ಕೆಲಸದಲ್ಲಿ ಅವರು ಜೋಡಿ. ಅವಳು ಯಂತ್ರದ ಮೇಲೆ, ಅವನು ಕೆಳಗೆ ಸಲಿಕೆ ಹಿಡಿದು ಬಕೆಟ್ಟಿನ ಮುಂದೆ. ಬೀದಿಯ ಅಡಿಯಲ್ಲಿ ಇಡೀ ಊರಿಗೆ ಕರೆಂಟು ಒಯ್ಯುವ ದಪ್ಪ ಕೇಬಲ್ಲು ಹೋಗಿದೆ. ಅದು ಎಲ್ಲಿದೆ ಎಂದು ನಕ್ಷೆ ಹೇಳುತ್ತದೆ, ಆದರೆ ನಕ್ಷೆ ಹೇಳುವುದು ಅದನ್ನು ಹೂಳಿದ ದಿನದ ಮಾತು. ಈ ಊರಿನಲ್ಲಿ ಹೂಳಿದ್ದು ಹೂಳಿದಲ್ಲಿ ಇರುವುದಿಲ್ಲ, ಬೀದಿಯ ಜೊತೆ ತಾನೂ ಇಳಿಯುತ್ತದೆ, ನಿದ್ದೆಯಲ್ಲಿ ಹೊರಳಿದ ಹಾಗೆ ಪಕ್ಕಕ್ಕೂ ಸರಿಯುತ್ತದೆ. ಅದಕ್ಕೇ ಯಂತ್ರ ಮುಂದೆ ಸರಿಯುವ ಮೊದಲು ಕೈಯಿಂದ ಸಣ್ಣ ಗುಂಡಿ ತೆಗೆದು ಕೇಬಲ್ಲನ್ನು ಕಣ್ಣಾರೆ ನೋಡಬೇಕು. ನೋಡುಗುಂಡಿ ಎಂದು ಅದರ ಹೆಸರು. ಬೀದಿಯ ನಡುವೆ ಒಂದು, ಕಟ್ಟಡದ ಹತ್ತಿರ ಬಂದಾಗ ಮತ್ತೊಂದು.

ಇವರಿಬ್ಬರದು ಒಂದು ಪದ್ಧತಿ ಇತ್ತು. ಕೇಬಲ್ಲು ಕಣ್ಣಿಗೆ ಬಿದ್ದ ಮೇಲೆ ಬಾಸ್ತಿಯಾನ್ ದೊಡ್ಡದಾಗಿ "ಕಂಡೆ" ಎನ್ನುತ್ತಿದ್ದ. ಯೋರೀನ್ ಮೇಲಿಂದ "ಬಂದೆ" ಎಂದು ಆಮೇಲೆ ಬಕೆಟ್ಟು ಇಳಿಸುತ್ತಿದ್ದಳು. ಅವನು ಕಂಡೆ ಎನ್ನದೆ ಇವಳು ಬಂದೆ ಎಂದದ್ದೇ ಇಲ್ಲ. ನಡುವೆ ಏನಾದರೂ ಅನುಮಾನ ಬಂದರೆ ಅವನು ಅಂಗೈ ಎತ್ತುತ್ತಿದ್ದ. ಅಂಗೈ ಮೇಲಿರುವ ತನಕ ಯಂತ್ರ ಉಸಿರಾಡಕೂಡದು. ಮೇಸ್ತ್ರಿ ಲೇಂದರ್ತ್ ಹೊಸಬರಿಗೆಲ್ಲ ಇವರನ್ನೇ ತೋರಿಸಿ, ಇವರಿಬ್ಬರು ಮದುವೆಯಾಗಿದ್ದೇ ಗುಂಡಿಯಲ್ಲಿ ಎಂದು ತಮಾಷೆ ಮಾಡುತ್ತಿದ್ದ.

ಆದರೆ ಭಾನುವಾರದಿಂದ ಮಾತು ಬಿಟ್ಟವರು ಕಂಡೆ ಬಂದೆ ಎನ್ನುವುದು ಹೇಗೆ? ಅದೂ ಮಾತೇ ಅಲ್ಲವೇ? ಸೋಲು ಯಾರದಾಗಬೇಕು? ಹಾಗಾಗಿ ವಾರವೆಲ್ಲ ಕೆಲಸ ಕೈಯಲ್ಲೇ ನಡೆಯಿತು. ಅಂಗೈ ಎತ್ತಿದರೆ ನಿಲ್ಲು, ಇಳಿಸಿದರೆ ಬಾ. ಲೇಂದರ್ತ್ ಇದನ್ನು ಗಮನಿಸಲಿಲ್ಲ. ಗಮನಿಸಿದ್ದರೆ ಇಬ್ಬರನ್ನೂ ಆ ದಿನವೇ ಮನೆಗೆ ಕಳಿಸುತ್ತಿದ್ದ.

ಬೀದಿಯ ನಡುವಿನ ನೋಡುಗುಂಡಿಯಲ್ಲಿ ಕೇಬಲ್ಲು ಬಹಳ ಕೆಳಗೆ ಸಿಕ್ಕಿತು, ಹಳದಿ ಮರಳನ್ನೂ ದಾಟಿ, ಬೂದಿಯ ಪದರದಲ್ಲಿ. ಬಾಸ್ತಿಯಾನ್ ಎದೆಮಟ್ಟದ ಗುಂಡಿಯಲ್ಲಿ ನಿಂತು ಅದನ್ನು ಬೆರಳಲ್ಲಿ ತೋರಿಸಿದ. ಯೋರೀನ್ ತಲೆಯಾಡಿಸಿದಳು. ಎಲ್ಲವೂ ಇಳಿದಿದೆ, ಇದೂ ಇಳಿದಿದೆ ಎಂದುಕೊಂಡಳು. ಅವಳಿಗೆ ಅದರಲ್ಲಿ ಒಂದು ಬಗೆಯ ಸಮಾಧಾನವೂ ಇತ್ತು. ಅಲ್ಲಿಂದ ಅಗೆತ ಬೀದಿಯ ಅಂಚಿನ ಟ್ರಾನ್ಸ್‌ಫಾರ್ಮರ್ ಗೂಡಿನ ಕಡೆಗೆ ಸಾಗಿತು.

ಆ ಗೂಡು ಒಂದು ಪುಟ್ಟ ಇಟ್ಟಿಗೆ ಮನೆ, ಕಬ್ಬಿಣದ ಬಾಗಿಲಿನದು. ಹಗಲೂ ರಾತ್ರಿ ಒಳಗಿನಿಂದ ಗುಂಯ್ ಎಂದು ಸದ್ದು. ಎದುರುಮನೆಯ ಯಾಕೋಬಾ ಅಜ್ಜಿ ಆ ಸದ್ದಿಲ್ಲದಿದ್ದರೆ ತನಗೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದಳು. ಯೋರೀನ್ ನೋಡುತ್ತಿದ್ದಂತೆ ಗೂಡಿನ ಬಾಗಿಲ ಮೆಟ್ಟಿಲಿನ ಅಡಿಯಿಂದ ಒಂದು ಬೆಕ್ಕು ಮೈಮುರಿಯುತ್ತ ಹೊರಗೆ ಬಂತು. ಮೆಟ್ಟಿಲು ಗೋಡೆಗೆ ಅಂಟಿಕೊಂಡು ಗಾಳಿಯಲ್ಲಿ ತೇಲುತ್ತಿತ್ತು. ಅದರ ಕೆಳಗಿನ ನೆಲ ಇಳಿದುಹೋಗಿ, ಬೆಕ್ಕೊಂದು ಬೆಚ್ಚಗೆ ಮಲಗುವಷ್ಟು ಪೊಳ್ಳಾಗಿತ್ತು. ಎಷ್ಟು ಚೆಂದದ ಮನೆ ಮಾಡಿಕೊಂಡಿದೆ ಎಂದು ಯೋರೀನ್ ನಕ್ಕಳು. ಬೆಕ್ಕು ಮಂಜಿನೊಳಗೆ ಹೋಯಿತು. ಅದರ ಹಿಂದೆಯೇ ಅವಳ ಮನಸ್ಸೂ ಹೋಯಿತು. ಮರಳುಗುಡ್ಡೆ, ಸಂಜೆಯ ಆಟ, ಕೆಳಗಿನ ಬೀದಿಯಲ್ಲಿ ನಿಂತು ಊಟಕ್ಕೆ ಕರೆಯುವ ಅಮ್ಮ.

ಬಾಸ್ತಿಯಾನ್ ಅಂಗೈ ಎತ್ತಿದ್ದ. ಎರಡನೆಯ ನೋಡುಗುಂಡಿ ತೆಗೆಯಬೇಕಿತ್ತು. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಗುರುಗುಟ್ಟಿತು, ಮೀನೆಕೆಯದು. ಅವನು ಫೋನು ತೆಗೆಯಲು ಕೈ ಇಳಿಸಿ ಪಕ್ಕಕ್ಕೆ ತಿರುಗಿದ.

ಕೈ ಇಳಿಯಿತು. ಯೋರೀನ್ ಬಕೆಟ್ಟು ಇಳಿಸಿದಳು.

ಬಿಳಿ ಮರಳು ಇನ್ನೂ ಮುಗಿದಿರಲಿಲ್ಲ. ಬಕೆಟ್ಟಿನ ಹಲ್ಲಿಗೆ ಏನೋ ಸಿಕ್ಕಿತು. ಕಲ್ಲಿನ ಹಾಗೆ ಅಡ್ಡ ನಿಲ್ಲಲಿಲ್ಲ, ಬೇರಿನ ಹಾಗೆ ಹರಿಯಲಿಲ್ಲ, ಹಗ್ಗದ ಹಾಗೆ ಬಿಗಿದುಕೊಂಡು ಮೇಲೆ ಬಂತು. ಕಪ್ಪು, ತೋಳಿನಷ್ಟು ದಪ್ಪ. ಮೇಲಿನ ಹೊದಿಕೆ ಸೀಳಿ ಒಳಗಿನ ಡಾಂಬರು ಕಾಗದ ಕಾಣುತ್ತಿತ್ತು. ಅದರ ಹಳೆಯ ವಾಸನೆ ಗಾಜಿನ ಗೂಡಿನೊಳಕ್ಕೂ ಬಂತು. ಯೋರೀನಳ ಕೈ ಹಿಡಿಕೆಯ ಮೇಲೆ ಹಾಗೆಯೇ ನಿಂತಿತು.

ಆಗ ಅವಳಿಗೆ ಬೆಕ್ಕಿನ ಮನೆ ನೆನಪಾಯಿತು. ಎಲ್ಲ ಇಳಿಯುತ್ತದೆ, ಆದರೆ ಟ್ರಾನ್ಸ್‌ಫಾರ್ಮರ್ ಗೂಡು ಈಚಿನ ಮನೆಗಳ ಹಾಗೆ ಆಳಕ್ಕೆ ಹೊಡೆದ ಕಂಬದ ಮೇಲೆ ನಿಂತಿದೆ, ಅದು ಇಳಿಯುವುದಿಲ್ಲ. ಬೀದಿಯ ನಡುವೆ ಆಳಕ್ಕೆ ಹೋದ ಕೇಬಲ್ಲಿನ ತುದಿ ಈ ಗೂಡಿಗೆ ಕಟ್ಟಿಕೊಂಡಿದೆ. ಬಟ್ಟೆ ಒಣಹಾಕುವ ತಂತಿಯಂತೆ ಅದು ಗೂಡಿನಿಂದ ಜೋತುಬಿದ್ದಿದೆ, ಗೂಡಿನ ಹತ್ತಿರ ನೆಲದ ಚರ್ಮಕ್ಕೇ ತಾಗಿಕೊಂಡು. ಹುಟ್ಟಿದಂದಿನಿಂದ ಇಳಿಯುವುದನ್ನೇ ನೋಡಿದವಳಿಗೆ ಇಳಿಯದೆ ನಿಂತದ್ದು ಕಣ್ಣಿಗೆ ಬಿದ್ದಿರಲಿಲ್ಲ.

ಬೇಕರಿಯ ಕಿಟಕಿಯಲ್ಲಿ ಹಳದಿ ದೀಪ ಉರಿಯುತ್ತಲೇ ಇತ್ತು. ಅಂದರೆ ಕೇಬಲ್ಲಿನಲ್ಲಿ ಇನ್ನೂ ಜೀವವಿತ್ತು.

ಬಾಸ್ತಿಯಾನ್ ತಿರುಗಿ ನೋಡಿದ. ನೋಡಿದವನೇ ಸಲಿಕೆ ಎಸೆದು ಅವಳ ಕಡೆಗೆ ಓಡಲು ಹೊರಟ. ಅವನಿಗೆ ನಿಯಮ ಗೊತ್ತಿಲ್ಲವೆಂದಲ್ಲ. ಹತ್ತು ಜನಕ್ಕೆ ಪಾಠ ಹೇಳಿದವನು. ಕರೆಂಟು ಯಂತ್ರಕ್ಕೆ ಹತ್ತಿದ್ದರೆ ಸುತ್ತಲಿನ ನೆಲಕ್ಕೂ ಹತ್ತಿರಬಹುದು. ಆಗ ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇಟ್ಟರೆ ಆ ಎರಡು ಹೆಜ್ಜೆಯ ನಡುವೆಯೇ ಸಾವು. ಒಳಗೆ ಕೂತವರು ಒಳಗೇ ಇದ್ದರೆ ಕ್ಷೇಮ. ಹೊರಗಿನವರು ಹತ್ತಿರ ಬಂದರೆ, ಯಂತ್ರವನ್ನು ಮುಟ್ಟಿದರೆ, ಮುಗಿಯಿತು. ಎಲ್ಲ ಗೊತ್ತಿದ್ದ ಅದೇ ಬಾಸ್ತಿಯಾನ್ ಈಗ ಹೆಂಡತಿಯ ಮುಖವೊಂದನ್ನು ಬಿಟ್ಟು ಬೇರೇನೂ ಕಾಣದೆ ಕಾಲು ಎತ್ತಿದ್ದ.

ಯೋರೀನ್ ಕೂಗಿದರೆ ಗಾಜು ಮತ್ತು ಎಂಜಿನ್ನಿನ ಸದ್ದು ದಾಟಿ ಅದು ಅವನಿಗೆ ಮುಟ್ಟುತ್ತಿತ್ತೋ ಇಲ್ಲವೋ. ಅವಳು ಕೂಗಲಿಲ್ಲ. ಬಲಗೈ ಎತ್ತಿ ಅಂಗೈಯನ್ನು ಗಾಜಿಗೆ ಎದುರಾಗಿ ಹಿಡಿದಳು.

ವರ್ಷಾನುಗಟ್ಟಲೆ ತಾನು ಎತ್ತಿದ ಅಂಗೈ ಎದುರಿನಿಂದ ಬಂದಾಗ ಬಾಸ್ತಿಯಾನ್ ನಿಂತ. ಎತ್ತಿದ ಕಾಲು ಗಾಳಿಯಲ್ಲೇ ಉಳಿಯಿತು. ಬಕದ ಹಾಗೆ ಒಂಟಿಕಾಲಿನಲ್ಲಿ ಅಲ್ಲಾಡುತ್ತ, ಅವನು ಆ ಕಾಲನ್ನು ನಿಧಾನವಾಗಿ ಇನ್ನೊಂದರ ಪಕ್ಕಕ್ಕೆ ತಂದು ಇಳಿಸಿದ. ಏನೂ ಆಗಲಿಲ್ಲ. ಯೋರೀನ್ ಅಂಗೈ ಇಳಿಸಲಿಲ್ಲ, ಎಡಗೈಯಿಂದ ಹಿಂದೆ ಹೋಗು ಎಂದು ತೋರಿಸಿದಳು.

ಅಷ್ಟರಲ್ಲಿ ಕೆಲಸದ ಜಾಗದ ಸುತ್ತ ಹಾಕಿದ ಬೇಲಿಯ ಬಳಿಯಿಂದ ಲೇಂದರ್ತ್ ಕೂಗಿದ. "ಕಾಲು ಜೋಡ್ಸು ಮಾರಾಯ, ಎತ್ತಬೇಡ, ಜಾರಿಸ್ಕೊಂಡು ಬಾ. ಯೋರೀನ್, ನೀನು ಏನನ್ನೂ ಮುಟ್ಟಬೇಡ. ಇಳೀಬೇಡ."

ಎತ್ತರದ ಆಳು, ಎತ್ತಿನಂಥ ಗಂಡಸು ಎರಡು ಪಾದವನ್ನೂ ಅಂಟಿಸಿಕೊಂಡು ಗೇಣುಗೇಣಾಗಿ ಜಾರುತ್ತ ಹಿಂದಕ್ಕೆ ಹೋದ. ಗೋಣಿಚೀಲದ ಓಟದಲ್ಲಿ ಕೊನೆಯವನಾಗಿ ಬಂದ ಹುಡುಗನ ಹಾಗಿತ್ತು. ಬೇರೆ ದಿನವಾಗಿದ್ದರೆ ಯೋರೀನ್ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಅವನ ಒಂದೊಂದು ಗೇಣಿಗೂ ಅವಳು ಉಸಿರು ಹಿಡಿದಳು. ಅವನು ಬೇಲಿ ದಾಟಿದ ಮೇಲೆಯೇ ಅವಳ ಅಂಗೈ ಇಳಿದದ್ದು.

ಲೇಂದರ್ತ್ ವಿದ್ಯುತ್ ಕಂಪನಿಗೆ ಫೋನು ಮಾಡಿದ. ಆದಷ್ಟು ಬೇಗ ಬರುತ್ತೇವೆ, ಅಲ್ಲಿಯ ತನಕ ಯಾರೂ ಅಲುಗಬಾರದು ಎಂದರು. ಬೀದಿಯ ಜನ ಒಬ್ಬೊಬ್ಬರಾಗಿ ಮಂಜಿನಿಂದ ಎದ್ದು ಬಂದು ಬೇಲಿಯ ಆಚೆ ನಿಂತರು. ಯಾಕೋಬಾ ಅಜ್ಜಿ ಕಾಫಿಯ ಬಟ್ಟಲನ್ನೂ ಹಿಡಿದುಕೊಂಡೇ ಬಂದಿದ್ದಳು. ಯಂತ್ರದೊಳಗಿನಿಂದ ನೋಡಿದರೆ ಅವರೆಲ್ಲ ಬಹಳ ಹಿಂದಿನ ಜನರಂತೆ, ಚಿಕ್ಕಂದಿನಲ್ಲಿ ಅವಳು ನೆಲದಡಿಯಲ್ಲಿ ಕಲ್ಪಿಸಿಕೊಂಡವರಂತೆ ಕಂಡರು. ಹಾಗಾದರೆ ತಾನೀಗ ಎಲ್ಲಿದ್ದೇನೆ ಎಂದು ಯೋರೀನಳಿಗೆ ಒಂದು ಗಳಿಗೆ ಗೊತ್ತಾಗಲಿಲ್ಲ. ಸತ್ತವರು ಕಿಟಕಿಯಿಂದ ಹೀಗೆಯೇ ನೋಡುತ್ತಿರಬಹುದು ಅನಿಸಿತು. ಆ ಮಂಜಿನ ಗುಂಪಿನಲ್ಲಿ ಕೆಲಸದ ಕಿತ್ತಳೆ ಅಂಗಿಯ ಬಾಸ್ತಿಯಾನ್ ಒಬ್ಬನೇ ಸ್ಪಷ್ಟವಾಗಿದ್ದ. ಅವನು ಅಲ್ಲಿರುವ ಕಡೆಯೇ ಮೇಲಿನ ಬೀದಿ, ಬದುಕಿದವರ ಬೀದಿ ಎಂದು ಅವಳು ಗುರುತು ಹಿಡಿದಳು. ಅವನಿಲ್ಲದೆ ಈ ಊರಿನಲ್ಲಿ ತನಗೇನು ಕೆಲಸ ಎಂದು ಅವಳಿಗೆ ಅಳು ಬಂತು.

ಬಾಸ್ತಿಯಾನ್ ಬೇಲಿಗೆ ಎದೆಯಾನಿಸಿ ಕೂಗಿದ. ವಾರದ ಮೊದಲ ಮಾತು.

"ಯೋರೀನ್, ಕಿಟಕಿ ತೆಗೀಬೇಡ ಕಣೇ. ಕೇಳ್ಸುತ್ತಾ?"

ಅವಳು ತಲೆಯಾಡಿಸಿದಳು. ಕೇಳಿಸಿತು.

"ನಾನು ಕಂಡೆ ಅಂದಿರ್ಲಿಲ್ಲ."

"ಗೊತ್ತು ಕಣೋ," ಅವಳು ಗಾಜಿಗೆ ಮುಖ ಹತ್ತಿರ ತಂದು ಕೂಗಿದಳು. "ನಾನೂ ಬಂದೆ ಅನ್ಲಿಲ್ಲ. ಸುಮ್ನೆ ಬಂದ್ಬಿಟ್ಟೆ. ಎಲ್ಲಾ ಇಳ್ದಿರುತ್ತೆ ಅನ್ಕೊಂಡ್ಬಿಟ್ಟೆ."

"ನಾನಾದ್ರೂ ಬಾಯಿ ಬಿಡ್ಬೇಕಿತ್ತು. ಯಾವನಿಗೆ ಬೇಕಿತ್ತು ಈ ಹಾಳು ಮೌನ."

ಯಾಕೋಬಾ ಅಜ್ಜಿ ಪಕ್ಕದವರಿಗೆ, ಇವರು ಈಗ ಇದನ್ನ ಇಡೀ ಬೀದಿಗೆ ಕೇಳ್ಸೋದಕ್ಕಿಂತ ಭಾನುವಾರ ಮನೇಲೇ ಮಾತಾಡ್ಕೊಂಡಿದ್ರೆ ಆಗ್ತಿರ್ಲಿಲ್ವೇ ಎಂದಳು. ಆದರೂ ಒಂದು ಶಬ್ದವೂ ತಪ್ಪಿಹೋಗದಂತೆ ಇನ್ನಷ್ಟು ಮುಂದಕ್ಕೆ ಬಂದು ನಿಂತಳು.

ಆಗ ಅವನ ಫೋನು ಮತ್ತೆ ಅದುರಿತು. ಅವನು ನೋಡಿದ ರೀತಿಯಿಂದಲೇ ಮೀನೆಕೆ ಎಂದು ಯೋರೀನಳಿಗೆ ತಿಳಿಯಿತು. ಮನೆಯ ಯಜಮಾನ ಕಾಯುತ್ತಿದ್ದಾನೆ, ಇವತ್ತು ಗುರುವಾರ. ಬಾಸ್ತಿಯಾನ್ ಫೋನನ್ನು ಕಿವಿಗಿಟ್ಟುಕೊಂಡ. ಏನು ಹೇಳುತ್ತಿದ್ದಾನೆಂದು ಕೇಳಿಸುವಂತಿರಲಿಲ್ಲ, ಎಂಜಿನ್ನು ಇನ್ನೂ ಓಡುತ್ತಲೇ ಇತ್ತು, ನಿಲ್ಲಿಸಲು ಅವಳಿಗೆ ಧೈರ್ಯವಿರಲಿಲ್ಲ. ತುಟಿ ಮಾತ್ರ ಕಾಣುತ್ತಿತ್ತು, ಅದೂ ಮಂಜಿನಲ್ಲಿ. ಅವನು ಬಹಳ ಹೊತ್ತು ಅಕ್ಕನ ಮಾತು ಕೇಳಿದ. ಆಮೇಲೆ ಯೋರೀನಳನ್ನು ನೋಡುತ್ತ ಅವನೇನೋ ಹೇಳಲು ಶುರುಮಾಡಿದ. ಹೇಳುತ್ತಿರುವಂತೆಯೇ ಅವನ ಖಾಲಿ ಕೈ ತಾನಾಗಿ ಮೇಲೆದ್ದಿತು. ಅಂಗೈ ಬಿಚ್ಚಿಕೊಂಡಿತು, ಫೋನಿನ ಆಚೆ ಇರುವ ಅಕ್ಕನಿಗೆ ಅದು ಕಾಣುತ್ತದೆಯೋ ಎಂಬಂತೆ.

ಯೋರೀನ್ ಆ ಕೈಯನ್ನು ಇಷ್ಟು ವರ್ಷ ಓದಿದವಳು. ಅದರ ಅರ್ಥ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಸ್ವಲ್ಪ ಹೊತ್ತಿನ ಹಿಂದೆ ಅದೇ ಕೈಯನ್ನು ತಪ್ಪು ಓದಿದ್ದು ನೆನಪಾಗಿ, ಅವಳು ನಂಬಲು ಹೆದರಿದಳು.

ವಿದ್ಯುತ್ ಕಂಪನಿಯ ಹೆಂಗಸು ನೀಲಿ ಗಾಡಿಯಲ್ಲಿ ಬಂದಳು. ಅವಸರವಿಲ್ಲದವಳು. ಜನರನ್ನು ಇನ್ನಷ್ಟು ದೂರ ಸರಿಸಿದಳು, ಯಾರಿಗೋ ಫೋನಿನಲ್ಲಿ ಒಂದೊಂದೇ ಮಾತು ಹೇಳಿದಳು, ಹೇಳಿದ್ದನ್ನು ಅವರಿಂದ ಮತ್ತೆ ಹೇಳಿಸಿಕೊಂಡಳು. ಯೋರೀನ್ ಅದನ್ನು ನೋಡಿ ನಾಚಿದಳು. ಸ್ವಲ್ಪ ಹೊತ್ತಿಗೆ ಬೇಕರಿಯ ಹಳದಿ ದೀಪ ಹೋಯಿತು. ಟ್ರಾನ್ಸ್‌ಫಾರ್ಮರ್ ಗೂಡಿನ ಗುಂಯ್ ಸದ್ದು ನಿಂತಿತು. ಇಡೀ ಊರು ಕಣ್ಣು ಮುಚ್ಚಿದ ಹಾಗಾಯಿತು. ಆ ಹೆಂಗಸು ಕೋಲು ಹಿಡಿದು ಕರೆಂಟು ಇಲ್ಲವೆಂದು ಪರೀಕ್ಷೆ ಮಾಡಿ, ಕೇಬಲ್ಲಿಗೆ ಅರ್ಥಿಂಗ್ ತಂತಿ ಕಟ್ಟಿ, ಕೊನೆಗೆ ಯಂತ್ರದ ಕಡೆ ತಿರುಗಿ, ಇನ್ನು ಇಳಿಯಬಹುದು ಎಂದಳು.

ಯೋರೀನ್ ಎಂಜಿನ್ನು ನಿಲ್ಲಿಸಿದಳು. ಬಾಗಿಲು ತೆಗೆದಳು. ಕೆಳಗಿಳಿಯದೆ ಯಂತ್ರದ ಮೆಟ್ಟಿಲಿನ ಮೇಲೆಯೇ ಕೂತುಬಿಟ್ಟಳು. ಬೀದಿ ತುಂಬ ನಿಶ್ಶಬ್ದವಿತ್ತು. ಬೇಲಿಯ ಬಳಿ ಬಾಸ್ತಿಯಾನ್ ಒಂದು ಕಾಲು ಮುಂದಿಟ್ಟು ನಿಂತಿದ್ದ. ಎಲ್ಲರೂ ಹೋಗಬಹುದೆಂದ ಮೇಲೂ ಅವನು ಬರಲಿಲ್ಲ, ಅವಳನ್ನೇ ನೋಡುತ್ತ ಕಾಯುತ್ತಿದ್ದ. ಯಾತಕ್ಕೆ ಕಾಯುತ್ತಿದ್ದಾನೆಂದು ಮೊದಲು ಅವಳಿಗೆ ಹೊಳೆಯಲಿಲ್ಲ. ಹೊಳೆದಾಗ ತಲೆ ಎತ್ತಿದಳು.

"ಕಂಡೆ," ಎಂದಳು.

"ಬಂದೆ," ಎಂದ ಅವನು.

ಅವನು ಬಂದು ಅವಳನ್ನು ಮೆಟ್ಟಿಲಿನಿಂದ ಎತ್ತಿಕೊಂಡು ಕೆಳಗಿಳಿಸಿದ. ಮೀನೆಕೆಗೆ ಏನು ಹೇಳಿದೆ ಎಂದು ಅವಳು ಅವನ ಕಿತ್ತಳೆ ಅಂಗಿಯಲ್ಲಿ ಮುಖ ಹುದುಗಿಸಿ ಕೇಳಿದಳು. ನಿಲ್ಲು ಅಂದೆ, ಮನೆ ಬೇರೆಯವರಿಗೆ ಕೊಡಲಿ ಅಂದೆ ಎಂದ. ಅವನ ದನಿಯಲ್ಲಿ ನೋವಿತ್ತು, ಅವಳಿಗೆ ಅದು ಕೇಳಿಸಿತು. ಗಟ್ಟಿ ನೆಲದಲ್ಲಿ ಹುಟ್ಟಿದವನು, ಬಾಗಿಲು ಸರಿಯಾಗಿ ಮುಚ್ಚುವ ಮನೆಯ ಆಸೆ ಇಟ್ಟುಕೊಂಡವನು. ಅವಳು ಅಲ್ಲೇ ನಿಂತು, ವಸಂತದಲ್ಲಿ ಅಕ್ಕನ ಮನೆಗೆ ಹೋಗೋಣ, ಆ ಕಡೆ ಇನ್ಯಾವುದಾದರೂ ಮನೆ ಇದ್ದರೆ ನೋಡಿಕೊಂಡು ಬರೋಣ, ನೋಡಿದರೇನಂತೆ ಎಂದಳು. ಇದನ್ನು ಅವಳು ಸಮಾಧಾನಕ್ಕೆ ಹೇಳಿದ್ದಲ್ಲ. ಅವನು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಅದನ್ನು ನಂಬಿದ.

ಲೇಂದರ್ತ್ ಬೈಯಬೇಕಾದಷ್ಟು ಬೈದ. ಅದಕ್ಕೆ ಇಬ್ಬರೂ ತಲೆ ತಗ್ಗಿಸಿ ನಿಂತರು. ಕರೆಂಟಿಲ್ಲದ ಬೀದಿಯಲ್ಲಿ ಗ್ಯಾಸಿನ ಒಲೆ ಇದ್ದದ್ದು ಯಾಕೋಬಾ ಅಜ್ಜಿಯ ಮನೆಯಲ್ಲಿ ಮಾತ್ರ. ಅವಳು ಎಲ್ಲರಿಗೂ ಕಾಫಿ ಕಾಸಿ, ಬಟ್ಟಲಿನ ಮೇಲೆ ನಡುವೆ ಸಕ್ಕರೆಪಾಕ ತುಂಬಿದ ಒಂದೊಂದು ತೆಳು ಬಿಸ್ಕತ್ತು ಇಟ್ಟು ತಂದಳು. ಬಿಸಿಗೆ ಅದು ಮೆತ್ತಗಾಗುವ ತನಕ ಎಲ್ಲರೂ ಕಾದು ತಿಂದರು.

ಕಂಪನಿಯವರು ಕೇಬಲ್ಲನ್ನು ಸರಿಮಾಡಬೇಕಾದರೆ ಅದು ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ಪೂರ್ತಿ ಬಿಡಿಸಿ ತೋರಿಸಬೇಕಿತ್ತು. ಬಾಸ್ತಿಯಾನ್ ಎಸೆದ ಸಲಿಕೆಯನ್ನು ಹುಡುಕಿ ತಂದ. ಯೋರೀನ್ ಯಂತ್ರ ಹತ್ತಲಿಲ್ಲ, ಗಾಡಿಯಿಂದ ಇನ್ನೊಂದು ಸಲಿಕೆ ತೆಗೆದುಕೊಂಡು ಅವನ ಪಕ್ಕದಲ್ಲಿ ಮಂಡಿಯೂರಿದಳು. ಇಬ್ಬರೂ ಸೇರಿ ಮರಳನ್ನು ಹಗುರವಾಗಿ ಕೆರೆಯುತ್ತ ಹೋದರು. ಬೂದಿಯ ಪದರದಲ್ಲಿ ಮಲಗಿದ್ದ ಕೇಬಲ್ಲು ಹಳದಿ ಮರಳಿಗೆ ಬಂತು, ಹಳದಿ ದಾಟಿ ಬಿಳಿಗೆ ಬಂತು, ಬೆಕ್ಕಿನ ಮೆಟ್ಟಿಲಿನ ಕೆಳಗೆ ಗಾಳಿಗೇ ತೆರೆದುಕೊಂಡು ಗೋಡೆಯೊಳಗೆ ಹೋಯಿತು. ಒಂದೊಂದು ಗೇಣಿಗೂ ಒಬ್ಬರು ಕಂಡೆ ಎನ್ನುತ್ತಿದ್ದರು, ಇನ್ನೊಬ್ಬರು ಬಂದೆ ಎನ್ನುತ್ತಿದ್ದರು.